ತಿಂಗಳಿಗೊಮ್ಮೆ ಜ್ವರ ಬರುವ ಮಗ, ಬಳಪ ತಿನ್ನುವ ಮಗಳು

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯವರು. ಮಗನಿಗೆ ಮೂರು ವರ್ಷ ಎರಡು ತಿಂಗಳು, ತೂಕ 13 ಕೆ.ಜಿ. ಜೂನ್‌ನಲ್ಲಿ ಶಿಶುವಿಹಾರಕ್ಕೆ ಸೇರಿಸಿದಾಗಿನಿಂದ ತಿಂಗಳಿಗೊಮ್ಮೆ ನೆಗಡಿ, ಕೆಮ್ಮು, ಜ್ವರ ತಪ್ಪಿದ್ದಲ್ಲ. ಪ್ರತಿ ಸಲವೂ ಆಂಟಿಬಯಾಟಿಕ್ ಮತ್ತು ಕೆಮ್ಮಿನ ಸಿರಪ್ ಬರೆದುಕೊಡುತ್ತಾರೆ. ಹೋದ ವಾರ 103 ಡಿಗ್ರಿ ಜ್ವರ ಬಂತು. ಮೂರನೇ ದಿನ ರಕ್ತ ಪರೀಕ್ಷೆ ಮಾಡಿ ‘ವಿಡಾಲ್ ಪಾಸಿಟಿವ್, ಟೈಫಾಯ್ಡ್’ ಎಂದರು. ಔಷಧಿ ಶುರು ಮಾಡಿದ ಮರುದಿನವೇ ಜ್ವರ ಬಿಟ್ಟಿತು. ಪಕ್ಕದ ಮನೆಯವರು ‘ಪ್ರೈಮರಿ ಕಾಂಪ್ಲೆಕ್ಸ್ ಇರಬಹುದು, ತೋರಿಸಿ’ ಎನ್ನುತ್ತಾರೆ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಟಾನಿಕ್ ಯಾವುದಾದರೂ ಇದೆಯೇ? ಇನ್ನೊಂದು ವಿಷಯ: ಎಂಟನೇ ತರಗತಿಯಲ್ಲಿರುವ ಮಗಳಿಗೆ 13 ವರ್ಷ. ಯಾವಾಗಲೂ ಸುಸ್ತು ಎನ್ನುತ್ತಾಳೆ, ಓದಿನಲ್ಲಿ ಹಿಂದೆ ಬಿದ್ದಿದ್ದಾಳೆ, ಕದ್ದು ಬಳಪ ತಿನ್ನುತ್ತಾಳೆ. ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ಹೊಟ್ಟೆನೋವು ತರುತ್ತದೆಂದು ಎಸೆಯುತ್ತಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಪಾಲು ಮಗನ ಬಗ್ಗೆ, ಕಾಲು ಪಾಲು ಮಗಳ ಬಗ್ಗೆ. ಕಾಗದದ ಮೇಲಿನ ವಿವರಗಳಿಂದ ಹೇಳುವುದಾದರೆ, ಹೆಚ್ಚು ಗಮನ ಬೇಕಿರುವುದು ಮಗಳಿಗೆ. ಆದರೂ ನೀವು ಕೇಳಿದ ಕ್ರಮದಲ್ಲೇ ಹೋಗೋಣ.

ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಹಜ. ಶಿಶುವಿಹಾರಕ್ಕೋ ಅಂಗನವಾಡಿಗೋ ಸೇರಿದ ಮೊದಲ ವರ್ಷ ಅದು ಹತ್ತು ಹನ್ನೆರಡಕ್ಕೆ ಏರಿದರೂ ಆಶ್ಚರ್ಯವಿಲ್ಲ. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಹಲವಕ್ಕೆ ನಿಮ್ಮ ಮಗ ಈಗಷ್ಟೇ ಮುಖಾಮುಖಿಯಾಗುತ್ತಿದ್ದಾನೆ. ಮೂಗು ಸೋರುವುದು ಒಂದು ವಾರ ಹತ್ತು ದಿನದಲ್ಲಿ ನಿಂತರೂ ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ. ಅಷ್ಟರಲ್ಲಿ ಮುಂದಿನ ನೆಗಡಿ ಹಾಜರು. ಹೀಗಾಗಿ ‘ಮಗನಿಗೆ ಆರು ತಿಂಗಳಿಂದ ಕೆಮ್ಮು ನಿಂತೇ ಇಲ್ಲ’ ಎಂದು ತಾಯಿಗೆ ಅನ್ನಿಸುತ್ತದೆ. ಮೂರು ವರ್ಷದ ಗಂಡುಮಗುವಿಗೆ 13 ಕೆ.ಜಿ. ತೂಕ ಸಹಜ ಮಿತಿಯೊಳಗೇ ಇದೆ. ಆದರೆ ಒಂದು ದಿನದ ತೂಕಕ್ಕಿಂತ ವರ್ಷದಲ್ಲಿ ಎಷ್ಟು ಏರಿತು ಎಂಬುದು ಮುಖ್ಯ. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಎರಡು ಕೆ.ಜಿ. ಸೇರಬೇಕು. ಅಂಗನವಾಡಿಯ ಬೆಳವಣಿಗೆ ನಕ್ಷೆಯಲ್ಲಿ ಅವನ ಗೆರೆ ಮೇಲಕ್ಕೆ ಹೋಗುತ್ತಿದೆಯೇ ನೋಡಿಸಿ. ಗೆರೆ ಏರುತ್ತಿದ್ದು, ಜ್ವರವಿಲ್ಲದ ದಿನಗಳಲ್ಲಿ ಹುಡುಗ ಮನೆ ತಲೆಕೆಳಗು ಮಾಡುತ್ತಿದ್ದರೆ ಅವನ ರೋಗನಿರೋಧಕ ಶಕ್ತಿ ಸರಿಯಾಗಿಯೇ ಇದೆ.

ಟಾನಿಕ್ ಬೇಡ. ಆ ದುಡ್ಡಿಗೆ ಮೊಟ್ಟೆ, ಬೇಳೆ, ಬಾಳೆಹಣ್ಣು ತನ್ನಿ. ನಿಜವಾದ ರೋಗನಿರೋಧಕ ದೋಷದ ಲಕ್ಷಣಗಳು ಬೇರೆಯೇ ಇವೆ: ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕು ಅಥವಾ ಹೆಚ್ಚು ಸಲ ಕಿವಿ ಸೋಂಕು, ಮತ್ತೆ ಮತ್ತೆ ಆಳವಾದ ಕುರು, ತೂಕ ಏರದಿರುವುದು. ಇವು ಇದ್ದರೆ ಮಕ್ಕಳ ತಜ್ಞರನ್ನು ಕಾಣಲೇಬೇಕು.

ಇನ್ನು ಆಂಟಿಬಯಾಟಿಕ್. ನೆಗಡಿ ಜ್ವರಕ್ಕೆ ಅದು ಕೆಲಸ ಮಾಡುವುದಿಲ್ಲ. ಸಿಂಬಳ ಹಳದಿಯಾಗಿದೆ, ಹಸಿರಾಗಿದೆ ಎಂಬುದೂ ಅದನ್ನು ಕೊಡಲು ಕಾರಣವಲ್ಲ. ಮೂರನೇ ನಾಲ್ಕನೇ ದಿನ ಸಿಂಬಳ ಗಟ್ಟಿಯಾಗಿ ಬಣ್ಣ ತಿರುಗುವುದು ವೈರಸ್ ನೆಗಡಿಯಲ್ಲೂ ಇರುವುದೇ. ಹಾಗಾದರೆ ವೈದ್ಯರು ಏಕೆ ಬರೆಯುತ್ತಾರೆ? ನನ್ನ ವೃತ್ತಿಯವರ ಪರ ವಕಾಲತ್ತು ವಹಿಸುತ್ತಿಲ್ಲ, ಆದರೆ ‘ಬರೀ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು’ ಎಂದು ಮುಖ ಸಿಂಡರಿಸಿಕೊಂಡು ಮರುದಿನ ಬೇರೆ ಕ್ಲಿನಿಕ್ಕಿಗೆ ಹೋಗುವ ಪೋಷಕರನ್ನು ನಾನು ದಿನವೂ ನೋಡುತ್ತೇನೆ. ಮುಂದಿನ ಸಲ ನೀವೇ ಕೇಳಿ: ‘ಡಾಕ್ಟ್ರೇ, ಇದು ವೈರಸ್ ಜ್ವರವಾದರೆ ಎರಡು ದಿನ ಕಾದು ನೋಡಬಹುದೇ?’ ಎಷ್ಟೋ ವೈದ್ಯರಿಗೆ ಆ ಮಾತು ಕೇಳಿ ನಿರಾಳವಾಗುತ್ತದೆ. ಹಳೆಯ ಬಾಟಲಿಯಲ್ಲಿ ಉಳಿದ ಅರ್ಧ ಆಂಟಿಬಯಾಟಿಕ್ ಅನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ಜ್ವರಕ್ಕೆ ಕೊಡುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಕೆಮ್ಮಿನ ಸಿರಪ್ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತದ್ದು ನಿಮಗೆ ನೆನಪಿರಬಹುದು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ ಆಗ ಸೂಚನೆ ಹೊರಡಿಸಿತು. ವಿಷವಿಲ್ಲದ, ಶುದ್ಧ ಸಿರಪ್ಪೂ ಈ ವಯಸ್ಸಿನಲ್ಲಿ ಕೆಮ್ಮನ್ನು ಬೇಗ ನಿಲ್ಲಿಸುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿಲ್ಲ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಕೊಡಿ, ಮೂಗು ಕಟ್ಟಿದ್ದರೆ ಸಲೈನ್ ಹನಿ ಬಿಡಿ, ಬಿಸಿ ಸಾರು ಕುಡಿಸಿ. ಮೂಗಿಗೆ ಕೊಬ್ಬರಿ ಎಣ್ಣೆ ಬಿಡುವುದು ಮಾತ್ರ ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬಟ್ಟೆಯಲ್ಲಿ ಕರ್ಪೂರ ಕಟ್ಟಿ ಮಗುವಿನ ಬಳಿ ಇಡುವುದೂ ಬೇಡ. ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುತ್ತದೆ.

103 ಡಿಗ್ರಿ ನೋಡಿ ನಿಮ್ಮ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿರಬೇಕು. ಆದರೆ ಥರ್ಮಾಮೀಟರಿನ ಅಂಕಿ ಕಾಯಿಲೆಯ ಗಾಂಭೀರ್ಯವನ್ನು ಹೇಳುವುದಿಲ್ಲ. ಮಾಮೂಲಿ ಫ್ಲೂ ಜ್ವರವೂ 103, 104ಕ್ಕೆ ಹೋಗುತ್ತದೆ. ಅಪಾಯದಲ್ಲಿರುವ ಮಗುವಿಗೆ 100 ಡಿಗ್ರಿ ಮಾತ್ರ ಇರಬಹುದು. (ಮೂರು ತಿಂಗಳೊಳಗಿನ ಕೂಸು ಇದಕ್ಕೆ ಹೊರತು. ಅದಕ್ಕೆ 100.4 ದಾಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.) ನೋಡಬೇಕಾದದ್ದು ಜ್ವರ ಇಳಿದ ಆ ಎರಡು ಮೂರು ಗಂಟೆಯಲ್ಲಿ ಮಗು ಹೇಗಿರುತ್ತದೆ ಎಂಬುದನ್ನು. ಎದ್ದು ಕೂತು ನೀರು ಕೇಳಿ, ಅಕ್ಕನ ಕೈಯಲ್ಲಿರುವುದನ್ನು ಕಿತ್ತುಕೊಂಡರೆ ಧೈರ್ಯವಾಗಿರಿ. ಜ್ವರ ಇಳಿದರೂ ಮಂಕಾಗಿ ಮಲಗಿಯೇ ಇದ್ದರೆ ತಡಮಾಡಬೇಡಿ.

ಪ್ಯಾರಾಸಿಟಮಾಲ್ ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. 13 ಕೆ.ಜಿ.ಯ ನಿಮ್ಮ ಮಗನಿಗೆ ಒಂದು ಸಲಕ್ಕೆ 150 ಮಿ.ಗ್ರಾಂ. ಸಾಕು. ಎಡವಟ್ಟಾಗುವುದು ಬಾಟಲಿಯಲ್ಲಿ. ಅಂಗಡಿಯಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ ಸಿಗುತ್ತದೆ, 250 ಇರುವುದೂ ಸಿಗುತ್ತದೆ, 1 ಮಿ.ಲೀ.ಗೇ 100 ಮಿ.ಗ್ರಾಂ. ಇರುವ ಹನಿಗಳೂ ಸಿಗುತ್ತವೆ. ಅದೇ 150 ಮಿ.ಗ್ರಾಂ.ಗೆ ಮೊದಲನೆಯದು 6 ಮಿ.ಲೀ., ಎರಡನೆಯದು 3 ಮಿ.ಲೀ., ಮೂರನೆಯದು ಒಂದೂವರೆ ಮಿ.ಲೀ. ‘ಒಂದು ಮುಚ್ಚಳ’ ಎಂದು ಅಂದಾಜಿನಲ್ಲಿ ಕುಡಿಸಿದರೆ ಒಂದೋ ಕಡಿಮೆ, ಇಲ್ಲವೇ ಎರಡು ಮೂರು ಪಟ್ಟು ಹೆಚ್ಚು. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ಮೇಲಾಗಿ ಆರು ಗಂಟೆ ಬಿಡಿ. ದಿನಕ್ಕೆ ನಾಲ್ಕು ಸಲ ಮೀರಬೇಡಿ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ, ಯಾರಾದರೂ ಕೊಟ್ಟರೆ ವಾಪಸ್ ಮಾಡಿ. ಡೆಂಗಿ ಓಡಾಡುವ ತಿಂಗಳುಗಳಲ್ಲಿ ಐಬುಪ್ರೊಫೆನ್ ಮತ್ತು ಆಸ್ಪಿರಿನ್‌ನಿಂದಲೂ ದೂರವಿರಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ನೀವು ಮನೆಯಲ್ಲೇ ಕಲಿಯಬೇಕಾದ ಒಂದು ವಿದ್ಯೆ ಉಸಿರು ಎಣಿಸುವುದು. ಮಗು ಮಲಗಿದ್ದಾಗ ಅಥವಾ ತೊಡೆಯ ಮೇಲೆ ಸುಮ್ಮನಿದ್ದಾಗ ಅಂಗಿ ಮೇಲಕ್ಕೆತ್ತಿ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಹೊಟ್ಟೆ ಎದೆ ಮೇಲೇರುವುದನ್ನು ಎಣಿಸಿ. ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಒಂದರಿಂದ ಐದು ವರ್ಷದವರಲ್ಲಿ 40 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಎರಡು ತಿಂಗಳೊಳಗಿನ ಕೂಸಿನಲ್ಲಿ 60 ಇದ್ದರೆ ಅದು ವೇಗದ ಉಸಿರು. ಜ್ವರ ಏರಿದಾಗಲೂ ಉಸಿರು ಜೋರಾಗುತ್ತದೆ, ಆದ್ದರಿಂದ ಜ್ವರ ಇಳಿಸಿ ಇನ್ನೊಮ್ಮೆ ಎಣಿಸಿ. ಎಣಿಸುವಾಗಲೇ ಪಕ್ಕೆಲುಬಿನ ಕೆಳಗಂಚನ್ನು ಗಮನಿಸಿ. ಉಸಿರು ಎಳೆದುಕೊಂಡಾಗ ಅಲ್ಲಿ ಎದೆ ಉಬ್ಬುವ ಬದಲು ಒಳಕ್ಕೆ ಕುಸಿದರೆ ನ್ಯುಮೋನಿಯಾ ಬಲವಾಗಿದೆ ಎಂದರ್ಥ. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿ ಎಕ್ಸ್‌ರೇ ಸಿಗದ ಕಡೆ ದುಡಿಯುತ್ತಿದ್ದ ಮಕ್ಕಳ ವೈದ್ಯರ ಕೆಲಸದಿಂದ ಬೆಳೆದ ಈ ಎಣಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಇಂದು ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ಇದೇ ತರಬೇತಿ ಇದೆ, ಅವರಿಂದ ಒಮ್ಮೆ ತೋರಿಸಿಕೊಳ್ಳಿ. ವೇಗದ ಉಸಿರಿದ್ದು ಉಳಿದಂತೆ ಗೆಲುವಾಗಿರುವ ಮಗುವಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅಮಾಕ್ಸಿಸಿಲಿನ್ ಕೊಟ್ಟು ಮನೆಗೆ ಕಳಿಸುತ್ತಾರೆ. ಎರಡು ದಿನ ಬಿಟ್ಟು ಮರುಪರೀಕ್ಷೆಗೆ ಹೋಗುವುದನ್ನು ಮಾತ್ರ ತಪ್ಪಿಸಬಾರದು. ಆಂಟಿಬಯಾಟಿಕ್‌ನ ಸರಿಯಾದ ಜಾಗ ಇದು.

ಎದೆ ಒಳಸೆಳೆಯುವುದು, ಏನೂ ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಕರೆದರೆ ಸರಿಯಾಗಿ ಕಣ್ಣು ಬಿಡದಿರುವುದು, ಎಂಟು ಗಂಟೆಯಾದರೂ ಮೂತ್ರ ಹೋಗದಿರುವುದು, ಮೈಮೇಲೆ ಒತ್ತಿದರೂ ಮಾಸದ ಕೆಂಪು ಚುಕ್ಕೆ: ಇವುಗಳಲ್ಲಿ ಒಂದಿದ್ದರೂ ಮಧ್ಯರಾತ್ರಿಯಾದರೂ 108ಕ್ಕೆ ಕರೆ ಮಾಡಿ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಬಿಡುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಜ್ವರ ಬಿಟ್ಟಿತೆಂದು ಮನೆಯವರೆಲ್ಲ ನಿಟ್ಟುಸಿರು ಬಿಡುವಾಗ ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ತಕ್ಷಣ ಹೊರಡಿ.

ಈಗ ಟೈಫಾಯ್ಡ್. ಜ್ವರದ ಮೂರನೇ ದಿನ ಮಾಡಿದ ಒಂದು ವಿಡಾಲ್ ಪರೀಕ್ಷೆ ಹೆಚ್ಚೇನೂ ಹೇಳುವುದಿಲ್ಲ. ಅದು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅವು ಏರಲು ಒಂದು ವಾರ ಬೇಕು. ಹಿಂದೆಂದೋ ಬಂದ ಸೋಂಕು, ಲಸಿಕೆ, ಬೇರೆ ಜ್ವರ ಯಾವುದರಿಂದಲೂ ಪಾಸಿಟಿವ್ ಬರಬಹುದು. ಆದರೂ ನಮ್ಮಲ್ಲಿ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಬರವಿಲ್ಲ. ಲ್ಯಾಬಿನ ಚೀಟಿಯಲ್ಲಿ ‘ಪಾಸಿಟಿವ್’ ಕಂಡದ್ದೇ ತಡ, ಸೂಜಿ ಶುರು. ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ನಿಜವಾದ ಟೈಫಾಯ್ಡ್ ಜ್ವರ ಸರಿಯಾದ ಔಷಧಿ ಕೊಟ್ಟರೂ ಇಳಿಯಲು ನಾಲ್ಕೈದು ದಿನ ತೆಗೆದುಕೊಳ್ಳುತ್ತದೆ. ಮರುದಿನವೇ ಬಿಟ್ಟಿತು, ಜೊತೆಗೆ ನೆಗಡಿಯೂ ಇತ್ತು ಎಂದರೆ ವೈರಸ್ ಜ್ವರ ತನ್ನ ಅವಧಿ ಮುಗಿಸಿ ಹೊರಟಿತು ಎನ್ನುವುದೇ ಹೆಚ್ಚು ಸಂಭವ. ಹಾಗೆಂದು ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದ ವೈದ್ಯರ ಹತ್ತಿರವೇ ಈ ಮಾತು ಎತ್ತಿ. ಟೈಫಾಯ್ಡ್ ಅನುಮಾನ ನಿಜಕ್ಕೂ ಇದ್ದರೆ ಆಂಟಿಬಯಾಟಿಕ್ ಕೊಡುವ ಮುಂಚೆ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು.

ಪ್ರೈಮರಿ ಕಾಂಪ್ಲೆಕ್ಸ್ ಎಂದರೆ ಮಕ್ಕಳ ಕ್ಷಯ. ಪಕ್ಕದ ಮನೆಯವರ ಮಾತಿನ ಮೇಲೆ ಆರು ತಿಂಗಳ ಮಾತ್ರೆ ನುಂಗಿಸುವ ಕಾಯಿಲೆಯಲ್ಲ ಅದು. ಎರಡು ವಾರ ಮೀರಿ ಬಿಡುವೇ ಇಲ್ಲದ ಜ್ವರ ಅಥವಾ ಕೆಮ್ಮು, ತೂಕ ಇಳಿಯುವುದು, ಮನೆಯಲ್ಲಿ ಅಥವಾ ದಿನವೂ ಎತ್ತಿಕೊಳ್ಳುವವರಲ್ಲಿ ಯಾರಿಗಾದರೂ ಕ್ಷಯ: ಇವುಗಳಲ್ಲಿ ಒಂದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಬಂದು ಹೋಗುವ, ನಡುವೆ ಚೆನ್ನಾಗಿರುವ ಕೆಮ್ಮು ಆ ಗುಂಪಿನದ್ದಲ್ಲ. ಆದರೆ ಕೆಮ್ಮು ರಾತ್ರಿ ಮತ್ತು ನಸುಕಿನಲ್ಲೇ ಹೆಚ್ಚಿದ್ದು, ಓಡಿದಾಗ, ನಕ್ಕಾಗ ಬರುತ್ತಿದ್ದು, ಎದೆಯಲ್ಲಿ ಸುಂಯ್ ಎನ್ನುವ ಸದ್ದಿದ್ದು, ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ವೈದ್ಯರಿಗೆ ಹೇಳಿ. ಉಬ್ಬಸಕ್ಕೆ ಸ್ಪೇಸರ್ (ಔಷಧಿಯನ್ನು ಹಿಡಿದಿಟ್ಟು ಮಗು ಉಸಿರಿನೊಡನೆ ಎಳೆದುಕೊಳ್ಳಲು ನೆರವಾಗುವ ಕೊಳವೆ) ಜೋಡಿಸಿದ ಇನ್‌ಹೇಲರ್ ಸಿರಪ್‌ಗಿಂತ ಎಷ್ಟೋ ಮೇಲು. ‘ಅಭ್ಯಾಸವಾಗಿಬಿಡುತ್ತದೆ’ ಎಂಬ ಭಯದಿಂದ ಇನ್‌ಹೇಲರ್ ತಳ್ಳಿಹಾಕಿ ವರ್ಷಗಟ್ಟಲೆ ಮಾತ್ರೆ ನುಂಗಿಸುವವರಿದ್ದಾರೆ. ಮಾತ್ರೆಯಲ್ಲಿ ಇಡೀ ಮೈಗೆ ಹೋಗುವ ಔಷಧಿ ಇನ್‌ಹೇಲರ್‌ನಲ್ಲಿ ತೀರಾ ಸಣ್ಣ ಪ್ರಮಾಣದಲ್ಲಿ, ಬೇಕಾದ ಜಾಗಕ್ಕೇ ಹೋಗುತ್ತದೆ.

ಭೇದಿಯ ಬಗ್ಗೆ ನೀವು ಕೇಳಿಲ್ಲ, ಶಿಶುವಿಹಾರದ ಮಗುವಿಗೆ ಅದೂ ಬಂದೇ ಬರುತ್ತದೆ. ಮನೆಯಲ್ಲಿ ಒಂದು ಲೀಟರ್ ಅಳತೆಯ ಎರಡು ಓಆರ್‌ಎಸ್ ಪೊಟ್ಟಣ ಇರಲಿ, ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ ಸುರಿಯಬೇಕು. ಪ್ರತಿ ಭೇದಿಯ ನಂತರ 100ರಿಂದ 200 ಮಿ.ಲೀ. ಗುಟುಕು ಗುಟುಕಾಗಿ ಕುಡಿಸಿ, ಜೊತೆಗೆ ಜಿಂಕ್ 20 ಮಿ.ಗ್ರಾಂ. ಹದಿನಾಲ್ಕು ದಿನ. ಹಣ್ಣಿನ ರುಚಿಯ ಸಿಹಿ ಪೆಟ್ಟಿಗೆ ಪಾನೀಯ ಓಆರ್‌ಎಸ್ ಅಲ್ಲ. ಅವು ಆ ಹೆಸರು ಬಳಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆಯಿತು.

ಇನ್ನು ಮಗಳು. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಚಪಲ, ಸುಸ್ತು, ಓದಿನಲ್ಲಿ ಗಮನ ನಿಲ್ಲದಿರುವುದು, ಇವು ಮೂರೂ ಒಟ್ಟಿಗಿದ್ದರೆ ನಾನು ಮೊದಲು ಅನುಮಾನಿಸುವುದು ಕಬ್ಬಿಣದ ಕೊರತೆಯನ್ನು. ಅವಳು ಸೋಮಾರಿಯಲ್ಲ, ಬಳಪಕ್ಕಾಗಿ ಬೈಯಬೇಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಕ್ಕಪಕ್ಕದವರೆಲ್ಲ ಹಾಗೇ ಇರುವುದರಿಂದ ಬಿಳಿಚಿದ ಮುಖ ನಮಗೆ ‘ಮೈಬಣ್ಣವೇ ಅದು’ ಎನ್ನಿಸುತ್ತದೆ. ಅವಳ ಕೆಳಗಿನ ಕಣ್ಣರೆಪ್ಪೆ ಎಳೆದು ಒಳಬದಿಯನ್ನು ನಿಮ್ಮದರ ಜೊತೆ ಹೋಲಿಸಬೇಡಿ. ನಿಮಗೂ ರಕ್ತ ಕಡಿಮೆ ಇರಬಹುದು! ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ಪೂರ್ತಿ ರಕ್ತಕಣ ಎಣಿಕೆಯನ್ನೂ ಮಾಡಿಸಿ. 12ರಿಂದ 14 ವರ್ಷಕ್ಕೆ ಹಿಮೋಗ್ಲೋಬಿನ್ (100 ಮಿ.ಲೀ. ರಕ್ತದಲ್ಲಿ) 12 ಗ್ರಾಂ ಇರಬೇಕು. 8ಕ್ಕಿಂತ ಕೆಳಗಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲೇ ನೋಡಿಸಬೇಕು.

ಶಾಲೆಯ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ವಾರಕ್ಕೊಂದು ಕೊಡುವುದು ಕೊರತೆ ಬಾರದಂತೆ ತಡೆಯಲು. ಕೊರತೆ ಬಂದ ಮೇಲೆ ಅದು ಸಾಲದು; ದಿನವೂ ನುಂಗುವ ಮೂರು ತಿಂಗಳ ಚಿಕಿತ್ಸೆ ಬೇಕು, ಎಷ್ಟು ಮಾತ್ರೆ ಎಂಬುದನ್ನು ವೈದ್ಯರು ರಕ್ತದ ಅಂಕಿ ನೋಡಿ ಹೇಳುತ್ತಾರೆ. ಅವಳ ಹೊಟ್ಟೆನೋವು ಸುಳ್ಳಲ್ಲ. ಬೆಳಗ್ಗೆ ಉಪವಾಸ ಬರುವ ಹುಡುಗಿ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ರಾತ್ರಿ ಊಟವಾದ ಮೇಲೆ ಕೊಡಿ. ಮಲ ಕಪ್ಪಾಗುತ್ತದೆ ಎಂದು ಮುಂಚೆಯೇ ಹೇಳಿಬಿಡಿ, ಅದಕ್ಕೆ ಹೆದರಿ ಬಿಡುವವರೇ ಹೆಚ್ಚು. ಮಾತ್ರೆಯ ಹಿಂದೆ ಮುಂದೆ ಎರಡು ಗಂಟೆ ಚಹಾ, ಕಾಫಿ, ಹಾಲು ಬೇಡ. ಅವು ಕಬ್ಬಿಣವನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ನಿಂಬೆ ಪಾನಕ, ನೆಲ್ಲಿಕಾಯಿ, ಸೀಬೆಹಣ್ಣು ಒಳ್ಳೆಯ ಜೊತೆ. ಆರು ತಿಂಗಳಿಂದ ಜಂತುಹುಳದ ಮಾತ್ರೆ ತಿಂದಿಲ್ಲವಾದರೆ ಅಲ್ಬೆಂಡಜೋಲ್ 400 ಮಿ.ಗ್ರಾಂ. ಒಂದು ಕೊಡಿಸಿ. ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರಬೇಕು. ಮಾತ್ರೆ ಸರಿಯಾಗಿ ನುಂಗಿಯೂ ಏರದಿದ್ದರೆ ಬಿ12 ಕೊರತೆ, ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ಇತ್ಯಾದಿ ನೋಡಬೇಕಾಗುತ್ತದೆ. ಸುಸ್ತಿನ ಜೊತೆ ಮಲಬದ್ಧತೆ, ಚಳಿ ತಡೆಯದಿರುವುದು ಇದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ.

ಮುಟ್ಟಿನ ಬಗ್ಗೆ ನೀವು ಒಂದಕ್ಷರವೂ ಬರೆದಿಲ್ಲ. ಏಳು ದಿನ ಮೀರಿ ಹರಿಯುತ್ತದೆಯೇ, ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತದೆಯೇ, ರಾತ್ರಿ ಹಾಸಿಗೆ ನೆನೆಯುತ್ತದೆಯೇ ಎಂದು ವಿಚಾರಿಸಿ. ಹೌದಾದರೆ ಕಬ್ಬಿಣ ಕೊಟ್ಟರೂ ಒಂದು ಕಡೆಯಿಂದ ಸೋರುತ್ತಲೇ ಇರುತ್ತದೆ, ಮುಟ್ಟಿಗೂ ಚಿಕಿತ್ಸೆ ಬೇಕು.

ಆಸ್ಪತ್ರೆಗೆ ಹೋದಾಗ ಹತ್ತು ನಿಮಿಷ ನೀವು ಹೊರಗೆ ಕೂತು ಅವಳನ್ನು ಮಹಿಳಾ ವೈದ್ಯರ ಅಥವಾ ನರ್ಸ್ ಜೊತೆ ಮಾತನಾಡಲು ಬಿಡಿ. ಸರ್ಕಾರಿ ಆಸ್ಪತ್ರೆಗಳ ‘ಸ್ನೇಹ ಕ್ಲಿನಿಕ್’ ಇರುವುದೇ ಈ ವಯಸ್ಸಿನವರಿಗಾಗಿ. ಹದಿಮೂರರ ಹುಡುಗಿ ‘ಸುಸ್ತು’ ಎನ್ನುವಾಗ ಅದರೊಳಗೆ ನಿದ್ದೆಗೆಟ್ಟ ರಾತ್ರಿ, ಶಾಲೆಯಲ್ಲಿ ಯಾರೋ ಕೊಡುವ ಕಾಟ, ಬೇಸರ ಇದ್ದರೂ ಇರಬಹುದು, ಅದನ್ನು ಅವಳು ಅಮ್ಮನ ಎದುರು ಹೇಳಲಿಕ್ಕಿಲ್ಲ. ರಕ್ತ ಸರಿಹೋದ ಮೇಲೂ ಮಂಕು ಹಾಗೇ ಉಳಿದರೆ, ಸಾಯುವ ಮಾತು ಒಮ್ಮೆ ಬಾಯಿಗೆ ಬಂದರೂ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತನಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ. ಮಗನನ್ನು ತೂಕಕ್ಕೆ ಕರೆದೊಯ್ಯುವ ದಿನವೇ ಅವಳನ್ನೂ ಕರೆದುಕೊಂಡು ಹೋಗಿ, ಈ ಸಲ ಚೀಟಿ ಮೊದಲು ಅವಳ ಹೆಸರಿನಲ್ಲಿ ಮಾಡಿಸಿ.